ಗ್ಯಾಲರಿಯಲ್ಲಿ ಕೂತ ಕೋಚ್‌ಗಳು

ಕೊಡಗಿನ ಪೊನ್ನಂಪೇಟೆ ಟರ್ಫ್‌ನಲ್ಲಿ ಕಾಲೇಜು ಹಾಕಿ ಫೈನಲ್ ಮುಗಿದು ವಾರವಾಯಿತು. ಸೋತ ಹುಡುಗರು ಬೇಜಾರು ಮರೆತು ಪರೀಕ್ಷೆಗೆ ಓದುತ್ತಿದ್ದಾರೆ. ನೋಡಿದವರು ಮಾತ್ರ ಇನ್ನೂ ಆಡುತ್ತಿದ್ದಾರೆ. ಗೋಣಿಕೊಪ್ಪದ ಬಸ್ ಸ್ಟ್ಯಾಂಡಿನಲ್ಲೂ ಅದೇ ಮಾತು, ಮದುವೆ ಮನೆಯ ಪಂದಿ ಕರಿ ಸಾಲಿನಲ್ಲೂ ಅದೇ.

ಮೊದಲ ಆರೋಪ ಕೋಚ್ ಮೇಲೆ. ಒಂದು ಗೋಲು ಹಿಂದಿದ್ದರು. ಎರಡು ನಿಮಿಷ ಉಳಿದಿತ್ತು. ಗೋಲ್‌ಕೀಪರನ್ನು ಹೊರಗೆ ಕರೆದು ಇನ್ನೊಬ್ಬ ಫಾರ್ವರ್ಡನ್ನು ಇಳಿಸಿದರು. ಎದುರಾಳಿಗಳು ಖಾಲಿ ಗೋಲಿಗೆ ಚೆಂಡು ತಳ್ಳಿದರು. 'ಬುದ್ಧಿ ಇದ್ದವನು ಹೀಗೆ ಮಾಡ್ತಾನಾ?' ಹೋದ ವರ್ಷದ ಕೋಚ್ ಕೀಪರನ್ನು ತೆಗೆಯದೆ ಸೋತಾಗ 'ಹೇಡಿ' ಎಂದವರೂ ಇವರೇ.

ಇನ್ನು ಅಂಪೈರ್. ಗೋಲಿನ ಮುಂದಿನ ಅರ್ಧವೃತ್ತ, ಅಂದರೆ ಡಿ ಒಳಗೆ ಚೆಂಡು ಡಿಫೆಂಡರ್ ಕಾಲಿಗೆ ತಾಗಿತಂತೆ, ಪೆನಾಲ್ಟಿ ಕಾರ್ನರ್ ಕೊಡಲಿಲ್ಲವಂತೆ. ಮೈದಾನದ ಉದ್ದ 91 ಮೀಟರ್‌ಗೂ ಜಾಸ್ತಿ. ಆಚೆ ತುದಿಯಲ್ಲಿ ಕೂತು ಸ್ಕೋರ್ ಎಷ್ಟೆಂದು ಪಕ್ಕದವರನ್ನು ಕೇಳುತ್ತಿದ್ದ ಮಾವನಿಗೆ, ಚೆಂಡು ಶೂ ಲೇಸಿಗೆ ತಾಗಿದ್ದು ಸ್ಪಷ್ಟವಾಗಿ ಕಂಡಿದೆ! ಕಾಲೇಜು ಮ್ಯಾಚಿನಲ್ಲಿ ಎಲ್ಲಿಯ ವಿಡಿಯೋ ರೆಫರಲ್? ಆದರೂ ಅರ್ಧ ಗ್ಯಾಲರಿ ಎದ್ದು ಗಾಳಿಯಲ್ಲಿ ಕೈಯಿಂದ ಟಿವಿ ಚೌಕ ಬರೆಯಿತು. ಯಾರದೋ ಫೋನಿನಲ್ಲಿ ವಿಡಿಯೋ ಸಿಕ್ಕಿದೆ. ನಿಲ್ಲಿಸಿ, ಹಿಗ್ಗಿಸಿ ನೋಡಿದರು. ಒಬ್ಬರಿಗೆ ಶೂ ಕಂಡಿತು, ಒಬ್ಬರಿಗೆ ಸ್ಟಿಕ್. ನನಗೆ ಕಂಡಿದ್ದು ಮುಂದೆ ಕೂತವರ ಟೋಪಿ.

ನಿಯಮದ ವಿಷಯ ಬಂದರೆ ಒಬ್ಬೊಬ್ಬರ ಗಡಿಯಾರ ಅವರು ಆಟ ಬಿಟ್ಟ ವರ್ಷಕ್ಕೇ ನಿಂತಿದೆ. 'ಅದು ಆಫ್‌ಸೈಡ್ ಅಲ್ವಾ?' ಎಂದು ಒಬ್ಬರು ಗುಡುಗಿದರು. ಹಾಕಿಯಲ್ಲಿ ಆಫ್‌ಸೈಡ್ 1990ರ ದಶಕದಲ್ಲೇ ಹೋಯಿತು. ಅವರಿಗೆ ಪತ್ರ ತಲುಪಿಲ್ಲ. 'ಫ್ರೀ ಹಿಟ್ ತಾನೇ ತಗೊಂಡು ತಾನೇ ಓಡ್ತಾನೆ, ಅಂಪೈರ್ ಸುಮ್ನೆ ನೋಡ್ತಾನೆ' ಎಂದರು ಇನ್ನೊಬ್ಬರು. 2009ರಿಂದ ಹಾಗೆ ಓಡಬಹುದು ಸ್ವಾಮಿ. ಹಳೇ ನಿಯಮದ 35 ನಿಮಿಷದ ಹಾಫ್ ಎಲ್ಲಿ ಹೋಯಿತೆಂದು ಹುಡುಕುತ್ತಿರುವವರಂತೂ ಬೇಕಾದಷ್ಟು.

ಎದುರು ಮಾತಾಡಿದರೆ ಒಂದೇ ಅಸ್ತ್ರ: 'ನಾನು ಎಂ.ಎಂ. ಸೋಮಯ್ಯನ ಎದುರು ಆಡಿದವನು ಮಾರಾಯ!' ಇವರಲ್ಲಿ ಅರ್ಧ ಜನ ನಿಜ ಹೇಳುತ್ತಿದ್ದರೂ, 1980ರಲ್ಲಿ ಮಾಸ್ಕೋ ಒಲಿಂಪಿಕ್ಸ್‌ಗೆ ಹೋಗಿ ಹಾಕಿ ಚಿನ್ನ ಗೆಲ್ಲಲು ಸೋಮಯ್ಯನವರಿಗೆ ಪುರುಸೊತ್ತೇ ಇರುತ್ತಿರಲಿಲ್ಲ. ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಲ್ಲಿ ಕರಡದಲ್ಲಿ 60 ತಂಡಗಳಿಂದ ಶುರುವಾಗಿ 2024ಕ್ಕೆ 360 ತಂಡ ಮುಟ್ಟಿ ಗಿನ್ನೆಸ್ ಸೇರಿತು. ಗ್ಯಾಲರಿಯ ಕೋಚ್‌ಗಳನ್ನು ಎಣಿಸಿದ್ದರೆ ಆ ಪುಸ್ತಕಕ್ಕೆ ಇನ್ನೊಂದು ಸಂಪುಟ ಬೇಕಾಗುತ್ತಿತ್ತು.

ಮೊನ್ನೆ ಕಾಫಿ ಕುಡಿಯುತ್ತಾ ಹಳೇ ವಿದ್ಯಾರ್ಥಿಗಳು ಠರಾವು ಮಾಡಿದರು: ಆ ಅಂಪೈರ್‌ಗೆ ಇನ್ನು ಮುಂದೆ ವಿಸಿಲ್ ಕೊಡಕೂಡದು. ಸರ್ವಾನುಮತ. ಅದೇ ಬಾಯಲ್ಲಿ ಭಾನುವಾರದ ತಮ್ಮ ಫ್ರೆಂಡ್ಲಿ ಮ್ಯಾಚಿಗೆ ಯಾರು ಅಂಪೈರ್ ಎಂಬ ಮಾತೂ ಬಂತು. ಒಬ್ಬರಿಗೆ ಮೊಣಕಾಲು ನೋವು. ಒಬ್ಬರು ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿಸಬೇಕು. ಆಫ್‌ಸೈಡ್ ಮಾವನಿಗೆ ಅವತ್ತೇ ಮದುವೆ ಊಟ.

ಕೊನೆಗೆ ಫೋನ್ ಹೋಗಿದ್ದು ಅದೇ 'ಕಣ್ಣು ಕಾಣದ' ಅಂಪೈರ್‌ಗೆ. 'ಸಾರ್, ನೀವೇ ಬರಬೇಕು' ಎಂದರಂತೆ.