ಒಂದೇ ಸಲ ನಿಲ್ಲಿಸಿ ಪಟ್ಟ ಪಾಡು
ಖಿನ್ನತೆ ವಾಸಿಯಾದ ಮೇಲೆ ಮಾತ್ರೆ ಬಿಡಬಹುದು ಅಂತ ನಿಮ್ಮ ಲೇಖನದಲ್ಲಿ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ, ಹೇಗೆ ಬಿಡಬೇಕು ಅಂತ ಹೇಳಲೇ ಇಲ್ಲ. ನಾನು ಎರಡು ವರ್ಷ ಪ್ಯಾರಾಕ್ಸೆಟಿನ್ ಅನ್ನೋ ಖಿನ್ನತೆಯ ಮಾತ್ರೆ ತೆಗೆದುಕೊಂಡು, ಚೆನ್ನಾಗಿದ್ದೇನಲ್ಲ ಅಂತ ಒಂದು ದಿನ ಸುಮ್ನೆ ನಿಲ್ಲಿಸಿಬಿಟ್ಟೆ. ಮೂರನೇ ದಿನ ಬಚ್ಚಲಲ್ಲಿ ಕತ್ತು ತಿರುಗಿಸಿದರೆ ತಲೆಯೊಳಗೆ ಕರೆಂಟ್ ಹೊಡೆದ ಹಾಗಾಯಿತು, ಕೈಯಲ್ಲಿದ್ದ ಚೊಂಬು ಜಾರಿ ಬಿತ್ತು. ತಲೆಸುತ್ತು, ವಾಕರಿಕೆ, ಕಾರಣವಿಲ್ಲದೆ ಅಳು. ಕಾಯಿಲೆ ವಾಪಸ್ ಬಂತು ಅಂದುಕೊಂಡೆ. ಅಲ್ಲ, ಈ ಮಾತ್ರೆ ಮೈಯಿಂದ ಬೇಗ ಹೋಗುತ್ತದೆ, ಫ್ಲುಯಾಕ್ಸೆಟಿನ್ ಅನ್ನೋ ಇನ್ನೊಂದು ಖಿನ್ನತೆಯ ಮಾತ್ರೆ ಥರ ವಾರಗಟ್ಟಲೆ ಉಳಿಯುವುದಿಲ್ಲ, ಅದಕ್ಕೇ ಇಷ್ಟು ಕಾಟ ಅಂದರು ಡಾಕ್ಟರ್. ಮತ್ತೆ ಶುರು ಮಾಡಿಸಿ, 20 ಮಿಲಿಗ್ರಾಂನಿಂದ ನಿಧಾನವಾಗಿ ಇಳಿಸಲು ಏಳು ತಿಂಗಳು ಹಿಡಿಯಿತು. ದಿನ ಬಿಟ್ಟು ದಿನ ತೆಗೆದುಕೊಳ್ಳಲಾ ಅಂತ ಕೇಳಿದ್ದಕ್ಕೆ ಬೇಡವೇ ಬೇಡ ಅಂದಿದ್ದರು. ಕೊನೆಯ 5 ಮಿಲಿಗ್ರಾಂ ಇದೆಯಲ್ಲ, ಅದನ್ನು ಬಿಡುವುದೇ ಎಲ್ಲಕ್ಕಿಂತ ಜಾಸ್ತಿ ಕಷ್ಟವಾಗಿದ್ದು.