ಮನೆ ಬೀದಿಗೆ ಬಂದ ಕಥೆ

ನಿಮ್ಮ ಮನೆಯ ಎತ್ತರ ಎಷ್ಟು ಅಂತ ಯಾರಾದರೂ ಥಟ್ಟನೆ ಕೇಳಿದರೆ ಹೇಳೋಕಾಗುತ್ತಾ? ನನಗೂ ಆಗುತ್ತಿರಲಿಲ್ಲ. ಮನೆಗೆ ಚಕ್ರ ಇಲ್ಲದಿದ್ದರೆ ಅದು ಗೊತ್ತಿರಬೇಕಾದ ಅಗತ್ಯವೂ ಇಲ್ಲ.

ನಮ್ಮದಕ್ಕೆ ಚಕ್ರ ಇದೆ. ಸೆಕೆಂಡ್ ಹ್ಯಾಂಡ್ ಮೋಟರ್‌ಹೋಮ್. ಏಳು ಮೀಟರ್ ಉದ್ದ, ಕನ್ನಡಿ ಬಿಟ್ಟು 2.3 ಮೀಟರ್ ಅಗಲ. ಒಳಗೆ ಅಡುಗೆಮನೆ, ಮಂಚ, ಬಚ್ಚಲು, ಒಬ್ಬಳು ಹೆಂಡತಿ, ಒಬ್ಬರು ಮಾವ. ಮಾವ ಅಂದರೆ ನಿವೃತ್ತ ಗಣಿತ ಮೇಷ್ಟ್ರು. ನಿವೃತ್ತಿ ಆಗಿದ್ದು ನೌಕರಿಯಿಂದ, ಗಣಿತದಿಂದಲ್ಲ.

ದಾರಿಯಲ್ಲಿ ಒಂದು ದೊಡ್ಡ ಊರು ಬರುತ್ತಿತ್ತು. ಊರಿನ ಹೆಸರು ಬೇಡ, ತಪ್ಪು ಅದರದಲ್ಲ. ಹಿಂದಿನ ರಾತ್ರಿ ಊರಾಚೆ ಗಾಡಿ ನಿಲ್ಲಿಸಿಕೊಂಡು ಚರ್ಚೆಗೆ ಕೂತೆವು: ನಾಳೆ ಊರೊಳಗೆ ನುಗ್ಗಿ ಹೋಗೋದಾ, ರಿಂಗ್ ರೋಡ್ ಹಿಡಿದು ಸುತ್ತಿಕೊಂಡು ಹೋಗೋದಾ?

ಮಾವ ಕಾಗದದ ನಕ್ಷೆ ಬಿಡಿಸಿ, ಹಾರಬಾರದು ಅಂತ ಅದರ ಮೇಲೆ ಟೀ ಲೋಟ ಇಟ್ಟರು. ಲೋಟ ಎತ್ತಿದಾಗ ಅದರ ತಳದ ಗುರುತು ಸರಿಯಾಗಿ ರಿಂಗ್ ರೋಡಿನ ಮೇಲೇ ಕೂತಿತ್ತು. ಇದನ್ನು ಅವರು ದೈವಸಂಕೇತ ಅಂತಲೇ ತೆಗೆದುಕೊಂಡರು.

"ನೋಡಿ ಅಳಿಯಂದಿರೇ," ಅಂತ ಪೆನ್ಸಿಲ್ ತೆಗೆದರು. "ಊರಿನ ವ್ಯಾಸ 20 ಕಿಲೋಮೀಟರ್ ಅಂತ ಇಟ್ಕೊಳ್ಳಿ. ನಡುವೆ ಹಾದರೆ 20. ಅರ್ಧ ಸುತ್ತು ಹಾಕಿದರೆ ಪೈ ಇಂಟು ಹತ್ತು, 31.4. ಊರು ಎಷ್ಟೇ ದೊಡ್ಡದಿರಲಿ, ಸುತ್ತು ದಾರಿ ನೇರ ದಾರಿಯ ಒಂದೂವರೆಪಟ್ಟಿಗಿಂತ ಚೂರು ಹೆಚ್ಚು, ಅಷ್ಟೇ. ವ್ಯಾಸಕ್ಕೆ ಆಸೆಪಟ್ಟವರು ಸಿಕ್ಕಿಹಾಕ್ಕೋತಾರೆ."

ನಾನು ಫೋನ್ ತೋರಿಸಿದೆ. ಊರೊಳಗೆ 38 ನಿಮಿಷ, ರಿಂಗ್ ರೋಡಿನಲ್ಲಿ 44. "ಆರು ನಿಮಿಷ ಉಳಿಯುತ್ತೆ ಮಾವ."

"ಆ ಆರು ನಿಮಿಷ ಇಟ್ಕೊಂಡು ಏನ್ ಮಾಡ್ತೀರಿ?" ಅಂದಳು ಹೆಂಡತಿ. ಇದಕ್ಕೆ ನನ್ನ ಹತ್ತಿರ ಇವತ್ತಿಗೂ ಉತ್ತರವಿಲ್ಲ. ಇನ್ನೊಂದು ವಿಷಯ: ನಾನು ಫೋನ್ ನೋಡಿದ್ದು ರಾತ್ರಿ ಹನ್ನೊಂದಕ್ಕೆ. ಆ ಹೊತ್ತಿಗೆ ಯಾವ ಊರೂ 38 ನಿಮಿಷದ್ದೇ.

ಸುತ್ತು ದಾರಿಯೇನೂ ಸಾಚಾ ಅಲ್ಲ ಅಂತ ಸಾಧಿಸೋಕೆ ನಾನು ಪ್ಯಾರಿಸ್ಸನ್ನೂ ಎಳೆದು ತಂದೆ. ಅಲ್ಲಿ ಊರು ಬಳಸಿ ಹೋಗುವ ಎ86 ರಸ್ತೆಯ ಒಂದು ತುಣುಕು ಸುರಂಗದಲ್ಲಿದೆ, ಸುಮಾರು 10 ಕಿಲೋಮೀಟರ್ ಉದ್ದ, ಒಂದರ ಮೇಲೊಂದು ಎರಡು ಅಂತಸ್ತು. 2 ಮೀಟರಿಗಿಂತ ಎತ್ತರದ ವಾಹನಕ್ಕೆ ಅಲ್ಲಿ ಪ್ರವೇಶವೇ ಇಲ್ಲ. ಅಮೆರಿಕದ ಬಾಲ್ಟಿಮೋರ್ ಬಂದರಿನ ಕೆಳಗಿನ ಸುರಂಗಗಳಲ್ಲಾದರೆ 10 ಪೌಂಡಿಗಿಂತ ದೊಡ್ಡ ಅಡುಗೆ ಗ್ಯಾಸ್ ಸಿಲಿಂಡರ್ ಒಯ್ಯುವಂತಿಲ್ಲ. ಮನೆ ಅಂದಮೇಲೆ ಸಿಲಿಂಡರ್ ಇರದೇ ಇರುತ್ತಾ? ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಜೋಶ್‌ನಲ್ಲಿ ಅಮೆರಿಕದ ಡರ್ಹ್ಯಾಮ್ ಊರಿನ ರೈಲ್ವೆ ಸೇತುವೆ ಕಥೆಯನ್ನೂ ಹೇಳಿಬಿಟ್ಟೆ. 11 ಅಡಿ 8 ಇಂಚು ಎತ್ತರದ್ದು. ಲಾರಿಗಳ ತಲೆ ಸೀಳಿ ಸೀಳಿ 'ಕ್ಯಾನ್ ಓಪನರ್' ಅಂತ ಅಡ್ಡಹೆಸರು ಪಡೆದದ್ದು. 2019ರಲ್ಲಿ ಅದನ್ನು 8 ಇಂಚು ಮೇಲೆತ್ತಿದರು. ಆಮೇಲೂ ಲಾರಿಗಳು ಬಂದು ಗುದ್ದಿಕೊಂಡವು. "ಮುಂದೆ ದೊಡ್ಡ ಬೋರ್ಡ್ ಇದ್ದರೂ ಗುದ್ದುತ್ತಾರಲ್ಲ, ಎಂಥಾ ಜನ!" ಅಂತ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಹೆಂಡತಿ ನಗಲಿಲ್ಲ. "ನಮ್ಮದು ಎಷ್ಟೆತ್ತರ?" ಅಂದಳು.

"ಪುಸ್ತಕದಲ್ಲಿದೆ. 2.89."

ಬೆಳಗ್ಗೆ ಎಂಟಕ್ಕೆ ಊರೊಳಗೆ ನುಗ್ಗಿದೆ. ಶಾಲೆಗೆ ಹೋಗೋರು, ಆಫೀಸಿಗೆ ಹೋಗೋರು, ಅಂಗಡಿಗಳಿಗೆ ಸಾಮಾನು ಇಳಿಸೋರು, ಎಲ್ಲರೂ ನಮ್ಮನ್ನು ನೋಡೋಕೇ ಬಂದ ಹಾಗಿತ್ತು. ಫೋನಿನ ಹೆಂಗಸು ಮಾತ್ರ ನಿರಾಳ. ಅವಳ ಲೆಕ್ಕದಲ್ಲಿ ನಾನು ಓಡಿಸುತ್ತಿದ್ದದ್ದು ಒಂದು ಪುಟ್ಟ ಕಾರು. ಸಾಮಾನ್ಯ ನಕ್ಷೆ ಆ್ಯಪ್‌ಗೆ ಎತ್ತರ, ಅಗಲ, ತೂಕ ಹೇಳೋಕೆ ಜಾಗವೇ ಇರೋದಿಲ್ಲ. ಅವನ್ನೆಲ್ಲ ಕೇಳಿ ತಿಳಿದುಕೊಂಡು ದಾರಿ ತೋರಿಸುವ ಲಾರಿ ಡ್ರೈವರ್‌ಗಳ ಆ್ಯಪ್‌ಗಳು ಬೇರೆಯೇ ಇವೆ. ಈ ಜ್ಞಾನೋದಯ ನನಗಾಗಿದ್ದು ಸಂಜೆಗೆ.

ಮೊದಲ ತಿರುವಿನಲ್ಲೇ ಹಿಂದುಗಡೆ ಧಡ್ ಅಂತ ಸದ್ದು. ಕಪಾಟಿನ ಬಾಗಿಲು ತೆರೆದುಕೊಂಡು ತಟ್ಟೆಗಳು ಮಾವನ ಕಾಲ ಮೇಲೆ ಇಳಿದಿದ್ದವು. "ಪರವಾಗಿಲ್ಲ, ಪ್ಲಾಸ್ಟಿಕ್ಕಿನವು," ಅಂದರು ಮಾವ, ಯಾರೂ ಕೇಳದೇ ಇದ್ದರೂ.

ಎರಡನೇ ತಿರುವಿನ ಸದ್ದು ಬೇರೆ ಥರದ್ದು. ಇಂಥ ಗಾಡಿಗಳಲ್ಲಿ ಹಿಂದಿನ ಚಕ್ರದ ಆಚೆಗೂ ಸುಮಾರು ಎರಡು ಮೀಟರ್ ಬಾಲ ಚಾಚಿಕೊಂಡಿರುತ್ತೆ. ಮೂತಿ ಬಲಕ್ಕೆ ತಿರುಗಿಸಿದರೆ ಬಾಲ ಎಡಕ್ಕೆ ಬೀಸುತ್ತೆ, ಹಸುವಿನದ್ದೇ ರೀತಿ. ನಾನು ಬಲಗಡೆಯ ಮೂಲೆಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾ, ಕೂದಲೆಳೆಯಷ್ಟೂ ತಾಗಿಸದೆ ತಿರುಗಿಸಿದ್ದೆ. ಎಡಗಡೆಯ ಬಾಲ ಅಷ್ಟರಲ್ಲಿ ಒಂದು ಕಂಬ ಬಾಗಿಸಿ, ಟೈಲ್ ಲೈಟು ಪುಡಿ ಮಾಡಿಕೊಂಡಿತ್ತು. ಇಳಿದು ನೋಡಿದೆ. 'ನಿಲುಗಡೆ ನಿಷೇಧ' ಬೋರ್ಡಿನ ಕಂಬ. ಅದರ ಬುಡದಲ್ಲೇ ನಿಂತು ಹತ್ತು ನಿಮಿಷ ಕೆಂಪು ಗಾಜಿನ ಚೂರು ಆರಿಸಿದೆವು.

ಆಮೇಲೆ ಬಂತು ಸೇತುವೆ.

ಹಳೆಯ ರೈಲ್ವೆ ಸೇತುವೆ. ಹಣೆಯ ಮೇಲೆ ಕೆಂಪು ವೃತ್ತ, ಅದರೊಳಗೆ 3.0 ಮೀ. ನನಗೆ ಖುಷಿಯೇ ಆಯಿತು. 2.89ಕ್ಕೆ 3.0 ಅಂದರೆ 11 ಸೆಂಟಿಮೀಟರ್ ಜಾಗ, ಧಾರಾಳ. ಮೆಲ್ಲಗೆ ಮುಂದೆ ಬಿಟ್ಟೆ.

"ರೀ, ಮೇಲಿನ ಏಸಿ ಸೇರಿಸಿದ್ದೀರಾ?"

ಏಸಿ. ಹಿಂದಿನ ಮಾಲೀಕ ಮಾಡಿನ ಮೇಲೆ ಕೂರಿಸಿದ್ದ ಬಿಳಿ ಡಬ್ಬ. ಪುಸ್ತಕ ಬರೆದವರಿಗೆ ಅದರ ಸುದ್ದಿ ಹೇಗೆ ಗೊತ್ತಿರಬೇಕು? ಬ್ರೇಕ್ ಒತ್ತಿದೆ. ಮೂತಿ ಸೇತುವೆಯ ನೆರಳಿಗೆ ಹೋಗಿ ನಿಂತಿತು. ಡಬ್ಬ ಇನ್ನೂ ಬಿಸಿಲಲ್ಲೇ ಇತ್ತು.

ಮಾವ ಟೇಪು ಹಿಡಿದು ಹಿಂದಿನ ಏಣಿ ಹತ್ತಿದರು. ಬೇಡ ಅಂದರೂ ಕೇಳಲಿಲ್ಲ. ಹಾರ್ನ್‌ಗಳ ಮಧ್ಯೆ ಮೇಲಿನಿಂದ ಮೇಷ್ಟ್ರ ದನಿ ತೇಲಿಬಂತು: "ಡಬ್ಬ ಇಪ್ಪತ್ಮೂರು ಸೆಂಟಿಮೀಟರ್! ಒಟ್ಟು ಎಷ್ಟಾಯ್ತು?" ನಾನು ಸ್ಟಿಯರಿಂಗ್ ಹಿಡಿದು ಕೂಡಿಸಿದೆ. 3.12. "ಗಟ್ಟಿಯಾಗಿ ಹೇಳಿ!" ಗಟ್ಟಿಯಾಗಿ ಹೇಳಿದೆ. ಹಿಂದಿದ್ದ ಬಸ್ಸಿನ ಡ್ರೈವರ್ ಕೂಡ ಕೇಳಿಸಿಕೊಂಡ.

ಇನ್ನು ಉಳಿದದ್ದು ರಿವರ್ಸ್. ಏಳು ಮೀಟರ್ ಮನೆ, ಹಿಂದಿನ ಕಿಟಕಿಗೆ ಅಡ್ಡವಾಗಿ ಬಚ್ಚಲು, ಅದರ ಹಿಂದೆ ಬಸ್ಸು, ಬಸ್ಸಿನ ಹಿಂದೆ ಊರಿಗೆ ಊರೇ. ಹೆಂಡತಿ ಇಳಿದು ಹಿಂದೆ ಹೋಗಿ "ಬರ್ಲಿ... ಬರ್ಲಿ..." ಅನ್ನತೊಡಗಿದಳು. ಅವಳು ನಿಂತಿದ್ದು ನನ್ನ ಎರಡೂ ಕನ್ನಡಿಗೆ ಕಾಣದ, ನಟ್ಟನಡುವಿನ ಜಾಗದಲ್ಲಿ. ಕೈ ಕಾಣೋದಿಲ್ಲ, ದನಿ ಮಾತ್ರ. ಎಂಜಿನ್ ಗದ್ದಲದಲ್ಲಿ "ಬರ್ಲಿ"ಗೂ "ಬೇಡ್ರೀ"ಗೂ ಇರೋ ವ್ಯತ್ಯಾಸ ಎಷ್ಟು ಸಣ್ಣದು ಅಂತ ಮದುವೆಯಾಗಿ ಇಷ್ಟು ವರ್ಷವಾದರೂ ನನಗೆ ಗೊತ್ತಿರಲಿಲ್ಲ. ಕೊನೆಗೆ ಬಸ್ಸಿನ ಡ್ರೈವರೇ ಇಳಿದು ಬಂದ. ನನ್ನ ಕನ್ನಡಿಯಲ್ಲಿ ತಾನು ಕಾಣುವ ಹಾಗೆ ಒಂದು ಪಕ್ಕಕ್ಕೆ ಹೋಗಿ ನಿಂತು, ಕೈ ಮೇಲೆತ್ತಿ, "ನನ್ನ ಕೈ ಕಂಡ್ರೆ ಬನ್ನಿ, ಕಾಣದಿದ್ರೆ ನಿಲ್ಲಿಸಿ," ಅಂದ. ಇಷ್ಟೇ. ಎರಡು ವಾಕ್ಯದ ಈ ಪಾಠ ಗಾಡಿ ಮಾರಿದವನೂ ಹೇಳಿಕೊಟ್ಟಿರಲಿಲ್ಲ.

ಇಂಚಿಂಚೇ ಹಿಂದೆ ಬಂದು ಪಕ್ಕದ ರಸ್ತೆಗೆ ಹಿಂಬದಿ ತೂರಿಸಿ ತಿರುಗಿಸಿಕೊಳ್ಳುವಷ್ಟರಲ್ಲಿ ಇಪ್ಪತ್ತೈದು ನಿಮಿಷ. ಅಲ್ಲಿಗೆ ಊರೊಳಗೆ ನಾವು ಬಂದಿದ್ದು ಆರು ಕಿಲೋಮೀಟರ್, ತಗೊಂಡಿದ್ದು ಎರಡು ಗಂಟೆ. ಫೋನಿನ ಹೆಂಗಸು ಮೂರು ಸಲ ಯು-ಟರ್ನ್ ಮಾಡಿ ಅದೇ ಸೇತುವೆಗೆ ಬನ್ನಿ ಅಂತ ಕರೆದಳು. ಹೆಂಡತಿ ಅವಳ ಬಾಯಿ ಮುಚ್ಚಿಸಿದಳು.

ಬಂದ ದಾರಿಯಲ್ಲೇ ವಾಪಸ್ಸು ಹೋಗಿ ರಿಂಗ್ ರೋಡ್ ಹತ್ತಿದೆವು. ಅದರ ಬಗ್ಗೆ ಹೇಳೋಕೆ ಏನೂ ಇಲ್ಲ. ಅಗಲ ರಸ್ತೆ, ಮೇಲೆ ಬರೀ ಆಕಾಶ. ತಟ್ಟೆಗಳು ಕಪಾಟಿನಲ್ಲೇ ಕೂತಿದ್ದವು. ಆಚೆ ತುದಿ ಮುಟ್ಟಿದಾಗ ಮೀಟರ್ ನೋಡಿ ಮಾವನಿಗೆ ಹೇಳಿದೆ: "33 ಕಿಲೋಮೀಟರ್ ಆಯ್ತು. ನಿಮ್ಮ 31.4 ತಪ್ಪು." ಸೋತವನಿಗೆ ಇಷ್ಟಾದರೂ ಬೇಡವೇ?

"ಊರು ಪೂರ್ತಿ ದುಂಡಗಿಲ್ಲ," ಅಂದರು ಮಾವ, ಕಣ್ಣು ತೆರೆಯದೆ.

ಈಗ ನನ್ನ ಕಣ್ಣೆದುರಿಗೇ, ಡ್ಯಾಶ್‌ಬೋರ್ಡಿನ ಮೇಲೆ ಒಂದು ಬಿಳಿ ಚೀಟಿ ಅಂಟಿದೆ. ಹೆಂಡತಿಯ ದುಂಡು ಅಕ್ಷರ: '3.12 ಮೀ. / 10 ಅಡಿ 3 ಇಂಚು.' ಅದರ ಕೆಳಗೆ ಎರಡು ಗೆರೆ ಎಳೆದು, 'ಏಸಿ ಸೇರಿ.'

ಮುಂದಿನ ವಾರದ ದಾರಿಯಲ್ಲಿದ್ದ ಊರು ಇನ್ನೂ ದೊಡ್ಡದು. ರಾತ್ರಿ ಮೇಜಿನ ಮೇಲೆ ನಕ್ಷೆ ಬಿಡಿಸಿದೆವು. ನಾನೇ ಟೀ ಲೋಟ ತಂದು ಊರಿನ ಮೇಲೆ ಇಟ್ಟೆ. ಮಾವ ಕನ್ನಡಕ ಏರಿಸಿ ಬಗ್ಗಿ ನೋಡಿದರು, ತಲೆಯಾಡಿಸಿದರು.

"ಲೋಟ ಸಾಲೋದಿಲ್ಲ. ಒಂದು ತಟ್ಟೆ ತಗೊಂಡು ಬನ್ನಿ."