ನಾಲ್ಕು ಸಾವಿರದಲ್ಲಿ ಎಷ್ಟು ನೋಡಿದಿರಿ?

ಕಡಿಮೆ ದುಡ್ಡಿನಲ್ಲಿ ಊರು ಸುತ್ತುವವರಿಗೆಲ್ಲ ಇರುವ ಕಾಯಿಲೆ ಒಂದೇ: ವಸೂಲಿ. ಬಸ್ಸಿಗೆ ಕೊಟ್ಟಿದ್ದಕ್ಕೆ ಎರಡು ದೇವಸ್ಥಾನ, ರೂಮಿಗೆ ಕೊಟ್ಟಿದ್ದಕ್ಕೆ ಒಂದು ಜಲಪಾತ. ಸಂಜೆ ಮಂಚದ ಮೇಲೆ ಕೂತು ತಾಳೆ ನೋಡಿದರೇನೇ ನಿದ್ದೆ.

ಇಂಥವರನ್ನು ಸಿ ಫಾನ್ ದೋನ್‌ಗೆ ಕಳಿಸಬೇಕು. ಲಾವೋಸ್‌ನ ದಕ್ಷಿಣ ತುದಿ, ಚಂಪಾಸಕ್ ಪ್ರಾಂತ್ಯ. ಕಾಂಬೋಡಿಯಾದ ಗಡಿ ಇನ್ನೇನು ಬಂತು ಅನ್ನುವಾಗ ಮೆಕಾಂಗ್ ನದಿ ಮೈ ಸಡಿಲಿಸಿ ಮಳೆಗಾಲದಲ್ಲಿ 14 ಕಿ.ಮೀ. ಅಗಲಕ್ಕೆ ಹರಡಿಕೊಳ್ಳುತ್ತದೆ. ಹೆಸರಿನ ಅರ್ಥ ನಾಲ್ಕು ಸಾವಿರ ದ್ವೀಪ. ಆದರೆ ಆ ಲೆಕ್ಕವೇ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ನೀರಿಳಿದರೆ ಮರಳದಿಬ್ಬ, ಒಂಟಿ ಪೊದೆ ಎಲ್ಲವೂ ದ್ವೀಪ. ಮಳೆ ಬಂದರೆ ಅರ್ಧಕ್ಕರ್ಧ ಮಾಯ.

ಪಾಕ್ಸೆ ನಗರದಿಂದ ವ್ಯಾನಿನಲ್ಲಿ ನದಿ ದಡದ ನಾಕಸಾಂಗ್‌ಗೆ ಬಂದು, ಅಲ್ಲಿಂದ ಉದ್ದ ಮೂತಿಯ ದೋಣಿ ಹತ್ತಿದರೆ ಡಾನ್ ಡೆಟ್ ದ್ವೀಪ. ಜೇಬು ಹಗುರವಾದವರ ರಾಜಧಾನಿ ಇದು. ಒಂದು ರೂಪಾಯಿಗೆ ಇನ್ನೂರಕ್ಕೂ ಮಿಕ್ಕಿ ಕಿಪ್ ಸಿಗುವುದರಿಂದ ನಾವೂ ಲಕ್ಷಗಳಲ್ಲಿ ಮಾತಾಡಬಹುದು. ಬಿದಿರು, ಮರದ ಗುಡಿಸಲು, ಮುಂದೊಂದು ಜಗಲಿ, ಜಗಲಿಯಲ್ಲಿ ಜೋಲಿ. ಸೂರ್ಯೋದಯದ ಬದಿಯೋ ಸೂರ್ಯಾಸ್ತದ ಬದಿಯೋ ಅಂತ ಕೇಳುತ್ತಾರೆ. ಫೋಟೊದ ಆಸೆಗೆ ಸೂರ್ಯಾಸ್ತ ಅಂದಿರೋ, ಮಧ್ಯಾಹ್ನವಿಡೀ ಬಿಸಿಲು ಕುಡಿದ ಗೋಡೆ ರಾತ್ರಿಯೂ ಕಾವು ಬಿಡುತ್ತಿರುತ್ತದೆ.

ಜೋಲಿಯಲ್ಲಿ ಬಿದ್ದ ಮೇಲೆ ಏನು ಮಾಡುವುದು? ಏನೂ ಇಲ್ಲ. ಇಲ್ಲೇ ವಸೂಲಿ ಬುದ್ಧಿಗೆ ಏಟು ಬೀಳುವುದು. ಎಮ್ಮೆಯೊಂದು ಕಾಲು ಜಾರಿಸಿಕೊಂಡು ಇಳಿದು ಕುತ್ತಿಗೆವರೆಗೆ ನೀರಲ್ಲಿ ನಿಂತಿತು. ಕಿವಿ ಅಲ್ಲಾಡಿಸಿತು. ಅರ್ಧ ಗಂಟೆಯ ನಂತರವೂ ಅಲ್ಲೇ ಇತ್ತು. ನಾನೂ ಇಲ್ಲೇ ಇದ್ದೆ. ಇದನ್ನು ಯಾವ ಖಾತೆಗೆ ಬರೆಯುವುದು?

ಊಟಕ್ಕೆ ಬಿದಿರಿನ ಪುಟ್ಟ ಬುಟ್ಟಿಯಲ್ಲಿ ಅಂಟನ್ನ ಬರುತ್ತದೆ. ಬೆರಳಲ್ಲೇ ಉಂಡೆ ಕಟ್ಟಿ ಅದ್ದಿ ತಿನ್ನಬೇಕು. ಮುದ್ದೆಯ ಹಾಗೆ ನುಂಗಲು ಹೋದರೆ ಗಂಟಲಲ್ಲೇ ಕೂರುತ್ತದೆ, ಅಗಿಯಲೇಬೇಕು. ಸಸ್ಯಾಹಾರಿಗಳು ತರಕಾರಿ ಪಲ್ಯವನ್ನೂ ಒಮ್ಮೆ ವಿಚಾರಿಸುವುದು ಒಳ್ಳೆಯದು, ಮೀನಿನ ಸಾರ ಎಲ್ಲಿ ಬೇಕಾದರೂ ಅಡಗಿರುತ್ತದೆ.

ಆತುರದವರು ಇಲ್ಲಿಗೆ ಹಿಂದೆಯೂ ಬಂದಿದ್ದರು. ಮೆಕಾಂಗ್ ಹಿಡಿದು ಚೀನಾ ಸೇರಬೇಕೆಂದು ಫ್ರೆಂಚರು ಹೊರಟರೆ ಖೋನ್ ಜಲಪಾತ ಅಡ್ಡ ನಿಂತಿತು. ಬಿಟ್ಟಾರೆಯೇ? 1893ರಲ್ಲಿ ಡಾನ್ ಖೋನ್ ದ್ವೀಪದ ಮೇಲೆ ಹಳಿ ಹಾಸಿ ದೋಣಿಗಳನ್ನೇ ನೆಲದ ಮೇಲೆ ಎಳೆದರು. ಆಮೇಲೆ ಸೇತುವೆ ಕಟ್ಟಿ ಹಳಿಯನ್ನು ಡಾನ್ ಡೆಟ್‌ವರೆಗೆ ತಂದರು. ಒಟ್ಟು 7 ಕಿ.ಮೀ., ಲಾವೋಸ್‌ನ ಮೊದಲ ರೈಲು. ಈಗ ಹಳಿಯೂ ಇಲ್ಲ, ಫ್ರೆಂಚರೂ ಇಲ್ಲ. ತುಕ್ಕು ಹಿಡಿದ ಎಂಜಿನ್ನನ್ನು ನೋಡಲಿಕ್ಕಿಟ್ಟಿದ್ದಾರೆ, ಸೇತುವೆಯ ಮೇಲೆ ಬಾಡಿಗೆ ಸೈಕಲ್ಲುಗಳು ಓಡಾಡುತ್ತವೆ. ಬೆಲ್ ಒತ್ತಿದರೆ ಕೋಳಿ ಮಾತ್ರ ಪಕ್ಕಕ್ಕೆ ಸರಿಯುತ್ತದೆ.

ಎಲ್ಲವೂ ಹಾಗೇ ಉಳಿದಿದೆ ಅಂತಲ್ಲ. ಇಲ್ಲಿನ ಮಡುವಿನಲ್ಲಿದ್ದ ಇರಾವಡಿ ಡಾಲ್ಫಿನ್‌ಗಳಲ್ಲಿ ಕೊನೆಯದು 2022ರಲ್ಲಿ ಸತ್ತಿತು. ಪಕ್ಕದ ಕವಲಿಗೆ ಡಾನ್ ಸಾಹೋಂಗ್ ಅಣೆಕಟ್ಟು ಬಂದಿದೆ. ಮೀನುಗಾರರನ್ನು ಕೇಳಿದರೆ ಜೋಲಿಯ ಸುಖದ ಕಥೆ ಬೇರೆಯೇ ಆಗುತ್ತದೆ. ಅಗ್ಗದ ಆರಾಮ ನಮಗೆ, ಅವರು ಬೆಳಗಿನ ಜಾವಕ್ಕೇ ಬಲೆ ಹಿಡಿದು ಹೊರಟಿರುತ್ತಾರೆ.

ಹೊರಡುವ ದಿನ ದಡದ ಆಚೆಯ ಖೋನ್ ಫಾಪೆಂಗ್‌ಗೆ ಹೋದೆ. ನೀರಿನ ಮೊತ್ತದಲ್ಲಿ ಆಗ್ನೇಯ ಏಷ್ಯಾಕ್ಕೇ ದೊಡ್ಡ ಜಲಪಾತ, ಕವಲುಗಳೆಲ್ಲ ಸೇರಿ ಅಗಲ 10 ಕಿ.ಮೀ. ದಾಟುತ್ತದೆ. ಅಬ್ಬಾ, ಕೊನೆಗೂ ಟಿಕೆಟ್ ಇರುವ, ಅಂಕಿ ಇರುವ ಒಂದು ಜಾಗ! ವಿಡಿಯೊ ಮಾಡಿ ಮನೆಯವರ ಗ್ರೂಪಿಗೆ ಹಾಕಿದೆ. ಚಿಕ್ಕಪ್ಪನ ಉತ್ತರ ತಕ್ಷಣ ಬಂತು: "ಎತ್ತರ ಎಷ್ಟು?"

ಸುಮಾರು 20 ಮೀಟರ್ ಅಂದೆ.

"ನಮ್ಮ ಜೋಗ 253."